ಕೊಚ್ಚಿ ಮತ್ತು ತಿರುವನಂತಪುರಗಳ ಪ್ರಚಾರಲೇಖಕರಿಗೆ ಒಂದು ಬಹಿರಂಗ ಪತ್ರ



ಮಂಜೇಶ್ವರ, ಕುಂಬಳೆ, ಬದಿಯಡ್ಕ, ಕಾಸರಗೋಡುಗಳಿಂದ ಹೊರಟುಬಂದು, ಕೊಚ್ಚಿಯ ಕಾಕ್ಕನಾಡು ಪಾಲಾರಿವಟ್ಟಗಳಲ್ಲಿಯೂ ತಿರುವನಂತಪುರದ ಕಳಕ್ಕೂಟಂ ಪ್ರಾಂತದಲ್ಲಿಯೂ ಇರುವ ಪ್ರಚಾರಸಂಸ್ಥೆಗಳಲ್ಲಿ ಬರೆವಣಿಗೆಯನ್ನೇ ಜೀವನೋಪಾಯವನ್ನಾಗಿ ಮಾಡಿಕೊಂಡು, ಕನ್ನಡ ಮಲಯಾಳ ಇಂಗ್ಲಿಷುಗಳಲ್ಲಿ ಸಮಾನವಾದ ಸಲೀಸಿನಿಂದ ಬರೆಯಬಲ್ಲ ನಿಮ್ಮಂತಹ ತರುಣ ತರುಣಿಯರೊಡನೆ ಒಂದು ವಿಷಯವನ್ನು ಮುಕ್ತವಾಗಿ ಪ್ರಸ್ತಾಪಿಸಬೇಕೆಂಬ ಅಪೇಕ್ಷೆ ಬಹುಕಾಲದಿಂದ ನನ್ನಲ್ಲಿದ್ದು, ಅದು ಈಗ ಈ ಪತ್ರದ ರೂಪವನ್ನು ತಾಳಿದೆ. ನಿಮ್ಮ ಕಚೇರಿಗಳಿಗೆ ‘ವಿಕಿ ಪೇಜ್’ ಎಂಬ ಹೆಸರಿನ ಒಂದು ಕೆಲಸ ಬರುತ್ತದೆ. ಆಸ್ಪತ್ರೆಯವರೋ, ಫ್ಲ್ಯಾಟು ಕಟ್ಟಿಸುವವರೋ, ಆಯುರ್ವೇದ ರೆಸಾರ್ಟಿನ ಒಡೆಯರೋ, ಮೊದಲನೆಯ ಸಿನಿಮಾ ಬಿಡುಗಡೆಯಾಗಲಿರುವ ನಟರೋ ತಮ್ಮನ್ನು ಕುರಿತು ವಿಕಿಪೀಡಿಯದಲ್ಲಿ ಒಂದು ಪುಟವಾಗಬೇಕೆನ್ನುತ್ತಾರೆ. ಮೇಲಿನವರು ಅದನ್ನು ನಿಮಗೆ ವಹಿಸುತ್ತಾರೆ. ನೀವು ಬರೆದು ಮುಗಿಸುತ್ತೀರಿ. ಹಣ ಪಡೆದು ಬರೆದದ್ದೆಂಬ ಸಂಗತಿ ಮಾತ್ರ ಆ ಪುಟದ ಚರ್ಚೆಯ ಭಾಗದಲ್ಲಾಗಲಿ, ನಿಮ್ಮ ಖಾತೆಯ ಸದಸ್ಯಪುಟದಲ್ಲಾಗಲಿ, ಎಲ್ಲಿಯೂ ಕಾಣುವುದಿಲ್ಲ. ನಾನು ಬರೆಯುತ್ತಿರುವುದು ಆ ಮರೆಮಾಚುವಿಕೆಯನ್ನು ಕುರಿತು.

ಮುಂದುವರಿಯುವ ಮೊದಲು ನನ್ನ ಸಂಬಂಧಗಳನ್ನು ಹೇಳಿಬಿಡುವುದು ನ್ಯಾಯವಷ್ಟೆ. ನಾನು ಕೊಚ್ಚಿಯ ಒಂದು ವಿದ್ಯಾಸಂಸ್ಥೆಯಲ್ಲಿ ಅಧ್ಯಾಪಕ. ಬಿಡುವಿನ ವೇಳೆಯಲ್ಲಿ ಕನ್ನಡ ಮತ್ತು ಮಲಯಾಳ ವಿಕಿಪೀಡಿಯಗಳಲ್ಲಿ ಸಂಬಳವಿಲ್ಲದ ಸಂಪಾದಕ. ನನಗೆ ಸಂಬಳ ಕೊಡುವ ಸಂಸ್ಥೆಯ ಪುಟವನ್ನು ನಾನು ಮುಟ್ಟುವವನಲ್ಲ. ನಿಮ್ಮಲ್ಲಿ ಯಾರ ಹೆಸರನ್ನೂ ಯಾವ ಕಚೇರಿಯ ಹೆಸರನ್ನೂ ಈ ಪತ್ರದಲ್ಲಿ ಎತ್ತಿಲ್ಲ. ಹೆಸರು ಹಿಡಿದು ಅವಮಾನಪಡಿಸುವುದು ನನಗೆ ಬೇಡವಾದ ಕಾರ್ಯ. ಮೇಲಾಗಿ, ಈ ಕೆಲಸವನ್ನು ನಿಮಗೆ ವಹಿಸುವವರು ಅದರ ನಿಯಮಗಳನ್ನು ನಿಮಗೆ ಎಂದೂ ತಿಳಿಸಿರಲಾರರೆಂಬ ಅನುಮಾನವೂ ನನಗುಂಟು.

ನಾನು ಹೇಳುತ್ತಿರುವುದು ಎಂತಹ ಬರೆಹವನ್ನೆಂಬುದು ಸ್ಪಷ್ಟವಾಗುವಂತೆ, ಈಚೆಗೆ ಪರಿಶೀಲಿಸಿದ ಒಂದು ಪುಟದ ಚಹರೆಯನ್ನು ವಿವರಿಸುತ್ತೇನೆ. ಅದು ಎರ್ನಾಕುಳದ ಒಬ್ಬ ಗೃಹನಿರ್ಮಾಪಕರನ್ನು ಕುರಿತದ್ದು. ಮೊದಲನೆಯ ವಾಕ್ಯದಲ್ಲಿಯೇ ಅವರು ‘ದೂರದೃಷ್ಟಿಯ ಉದ್ಯಮಿ’; ಎರಡನೆಯದರಲ್ಲಿ ‘ಸಾವಿರಾರು ಕುಟುಂಬಗಳ ಕನಸನ್ನು ನನಸಾಗಿಸಿದವರು’. ಕೆಳಗಿರುವ ಉಲ್ಲೇಖಗಳನ್ನು ಒಂದೊಂದಾಗಿ ತೆರೆದು ನೋಡಿದರೆ, ಬೇರೆಬೇರೆ ಸುದ್ದಿತಾಣಗಳಲ್ಲಿ ಒಂದೇ ವಾರದಲ್ಲಿ ಪ್ರಕಟವಾದ ಒಂದೇ ಬರೆಹ, ಅಕ್ಷರವೂ ಬದಲಾಗದೆ. ಸ್ಟುಡಿಯೋದಲ್ಲಿ ತೆಗೆಸಿದ ಭಾವಚಿತ್ರವನ್ನು ‘ಸ್ವಂತ ಕೃತಿ’ ಎಂದು ಘೋಷಿಸಿ ಏರಿಸಲಾಗಿದೆ. ‘ಇತಿಹಾಸ’ದ ಗುಂಡಿಯನ್ನೊತ್ತಿದಾಗ ತಿಳಿದುಬಂದುದೇನೆಂದರೆ, ಆ ಖಾತೆ ಹುಟ್ಟಿದ ಮೊದಲ ಕೆಲವು ದಿನಗಳಲ್ಲಿ ಯಾವುದೋ ಊರುಗಳ ಪುಟಗಳಲ್ಲಿ ಒಂದೆರಡು ಅಲ್ಪವಿರಾಮಗಳನ್ನು ಹಾಕಿ ತೆಗೆದು, ಆಮೇಲೆ ಈ ಪುಟವೊಂದನ್ನು ಬರೆದು, ಅನಂತರ ಮತ್ತೆಲ್ಲಿಯೂ ಕಾಣಿಸಿಕೊಂಡಿಲ್ಲ. ಇಷ್ಟೇ ಆಗಿದ್ದರೆ ನಾನು ವಿಶೇಷಣಗಳನ್ನು ಅಳಿಸಿ ಸುಮ್ಮನಿರುತ್ತಿದ್ದೆನೋ ಏನೋ. ಆದರೆ ಇಂಗ್ಲಿಷ್ ಆವೃತ್ತಿಯ ಪುಟದಲ್ಲಿ, ಕೊಳ್ಳುಗರಿಗೆ ಮನೆಗಳನ್ನು ಒಪ್ಪಿಸುವುದರಲ್ಲಿ ವಿಳಂಬವಾದದ್ದನ್ನೂ, ಅವರು ತಿರುವನಂತಪುರದಲ್ಲಿರುವ ಕೇರಳ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರಕ್ಕೆ ದೂರು ಕೊಟ್ಟದ್ದನ್ನೂ ಪತ್ರಿಕಾವರದಿಯ ಆಧಾರಸಹಿತವಾಗಿ ಯಾರೋ ಬರೆದಿದ್ದ ಎರಡು ಸಾಲುಗಳು ಒಂದು ರಾತ್ರಿ ಮಾಯವಾಗಿದ್ದುವು. ಸಂಪಾದನೆಯ ಸಾರಾಂಶದಲ್ಲಿ ‘ಸಣ್ಣ ತಿದ್ದುಪಡಿ’ ಎಂದು ಬರೆಯಲಾಗಿತ್ತು.

ಕೊಲ್ಲಿಯ ಯಾವುದೋ ಆಸ್ಪತ್ರೆಯಲ್ಲಿ ಹತ್ತು ವರ್ಷ ರಾತ್ರಿಪಾಳಿ ಮಾಡಿ ಕೂಡಿಟ್ಟ ಹಣದಿಂದ ಕೊಚ್ಚಿಯಲ್ಲಿ ಒಂದು ಮನೆ ಕೊಳ್ಳಬೇಕೆಂದಿರುವ ನರ್ಸ್ ಒಬ್ಬಾಕೆ, ಮುಂಗಡವನ್ನು ಕಳುಹಿಸುವ ಮೊದಲು, ಕಟ್ಟಡದವರ ಸ್ವಂತ ಜಾಲತಾಣವನ್ನು ನಂಬದೆ, ಜಾಹೀರಾತನ್ನೂ ನಂಬದೆ, ‘ವಿಕಿಪೀಡಿಯದಲ್ಲಿ ಏನಿದೆಯೋ ನೋಡೋಣ’ ಎಂದು ತೆರೆಯುವ ಪುಟ ಅದು. ಅಲ್ಲಿ ಅವಳಿಗೆ ದೊರೆಯಬೇಕಾಗಿದ್ದ ಎರಡು ಸಾಲುಗಳನ್ನು ಅಳಿಸಿದವರಿಗೆ ಅವಳ ಮೇಲೆ ಯಾವ ದ್ವೇಷವೂ ಇರಲಿಲ್ಲ. ಅಂದಿನ ಕೆಲಸಗಳ ಪಟ್ಟಿಯಲ್ಲಿದ್ದ ಒಂದನ್ನು ಅವರು ಮುಗಿಸಿದರು, ಅಷ್ಟೆ. ಹಾನಿ ಮಾಡುವವರಿಗೆ ಹಾನಿಗೊಳಗಾಗುವವರ ಮುಖ ಕಾಣದಿರುವುದೇ ಈ ವೃತ್ತಿಯ ಅತ್ಯಂತ ಕಠಿಣವಾದ ಅಂಶವೆಂದು ನನಗೆ ತೋರುತ್ತದೆ.

ಹೊಗಳಿಕೆ ಬರೆಯುವುದು ಪಾಪವೆಂಬುದು ನನ್ನ ಮತವಲ್ಲ. ವ್ಯಾಪಾರವಿರುವಲ್ಲಿ ಜಾಹೀರಾತಿರುತ್ತದೆ, ಇರಬೇಕಾದದ್ದೂ ಸರಿಯೇ. ಆದರೆ ಪತ್ರಿಕೆಯಲ್ಲಿ ಜಾಹೀರಾತಿನ ನೆತ್ತಿಯ ಮೇಲೆ ‘ಜಾಹೀರಾತು’ ಎಂಬ ಪದ ಮುದ್ರಿತವಾಗುತ್ತದೆ. ಹಣ ಪಡೆದು ಸಾಬೂನನ್ನೋ ಸೀರೆಯನ್ನೋ ಮೆಚ್ಚುವ ಜಾಲತಾರೆಗಳು ಕೂಡ ಆ ಸಂಬಂಧವನ್ನು ಪ್ರಕಟಪಡಿಸತಕ್ಕದ್ದೆಂದು ಭಾರತದ ಜಾಹೀರಾತು ಮಾನದಂಡ ಮಂಡಳಿಯು 2021ರಲ್ಲಿಯೂ, ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರಲ್ಲಿಯೂ ವಿಧಿಸಿವೆ. ವಿಶ್ವಕೋಶದ ಪುಟದ ಮೇಲೆ ಅಂತಹ ಯಾವ ಗುರುತೂ ಇರುವುದಿಲ್ಲ. ನಿಸ್ವಾರ್ಥಿ ಬರೆದರೂ ಸಂಬಳದವನು ಬರೆದರೂ ಅದೇ ಅಕ್ಷರ, ಅದೇ ವಿನ್ಯಾಸ, ಅದೇ ಮುಖಮುದ್ರೆ. ಆದುದರಿಂದಲೇ ಅಲ್ಲಿ ಸಂಬಂಧವನ್ನು ತಾನಾಗಿ ಹೇಳುವ ಹೊಣೆ ಬರೆಯುವವನ ಮೇಲೆ ಇಮ್ಮಡಿಯಾಗುತ್ತದೆ. ಜರ್ಮನಿಯ ಮ್ಯೂನಿಕ್ಕಿನ ಉಚ್ಚ ನ್ಯಾಯಾಲಯ 2012ರಲ್ಲಿ, ಧೂಪದ ಅಂಟಿನಿಂದ ತಯಾರಾದ ಔಷಧಗಳ ವ್ಯಾಪಾರಿಗಳ ನಡುವಣ ಒಂದು ವ್ಯಾಜ್ಯದಲ್ಲಿ, ತನ್ನ ಸಂಬಂಧವನ್ನು ಓದುಗನಿಗೆ ತಿಳಿಸದೆ ವಿಕಿಪೀಡಿಯದ ಲೇಖನವನ್ನು ಸ್ವಂತ ವ್ಯಾಪಾರಕ್ಕೆ ಅನುಕೂಲವಾಗುವಂತೆ ತಿದ್ದುವುದು ಮರೆಮಾಚಿದ ಜಾಹೀರಾತೇ ಸರಿ ಎಂದು ನಿರ್ಣಯಿಸಿತು.

ದೂರದ ದೇಶದ ನ್ಯಾಯಾಲಯದವರೆಗೆ ಹೋಗಬೇಕಾದ ಅವಶ್ಯಕತೆಯೂ ಇಲ್ಲ. ಅನೇಕರು ಕೂಡಿ ಒಂದು ವಿಶ್ವಕೋಶವನ್ನು ರಚಿಸುವಾಗ ಹಿತಾಸಕ್ತಿಯನ್ನು ಹೇಗೆ ನಿರ್ವಹಿಸಬೇಕೆಂಬುದಕ್ಕೆ ನೀವು ದಿನವೂ ಓಡಾಡುವ ಕೊಚ್ಚಿಯಲ್ಲಿಯೇ, ಮುನ್ನೂರೈವತ್ತು ವರ್ಷಗಳ ಹಿಂದಿನ ಒಂದು ನಿದರ್ಶನವಿದೆ. ಡಚ್ ಈಸ್ಟ್ ಇಂಡಿಯಾ ಕಂಪೆನಿಯ ಮಲಬಾರ್ ಪ್ರಾಂತದ ಅಧಿಪತಿಯಾಗಿ ಕೊಚ್ಚಿಯಲ್ಲಿದ್ದ ಹೆಂಡ್ರಿಕ್ ವಾನ್ ರೀಡ್, 1670ರ ದಶಕದಲ್ಲಿ, ಈ ಕರಾವಳಿಯ ಏಳುನೂರಕ್ಕೂ ಮಿಕ್ಕ ಸಸ್ಯಗಳ ವಿವರಣೆಗಳನ್ನೂ ಚಿತ್ರಗಳನ್ನೂ ಸಂಗ್ರಹಿಸಿ ‘ಹೋರ್ಟಸ್ ಮಲಬಾರಿಕಸ್’ ಎಂಬ ಮಹಾಗ್ರಂಥವನ್ನು ಸಿದ್ಧಪಡಿಸಿದನು. ಅದು 1678ರಿಂದ 1693ರವರೆಗೆ ಹನ್ನೆರಡು ಸಂಪುಟಗಳಾಗಿ ಆಮ್ಸ್‌ಟರ್ಡಾಮಿನಲ್ಲಿ ಅಚ್ಚಾಯಿತು. ರೀಡನು ನಿರ್ಲಿಪ್ತನಾಗಿರಲಿಲ್ಲ. ಕಂಪೆನಿಯ ಕೇಂದ್ರಸ್ಥಾನ ಸಿಂಹಳದಲ್ಲಿರಬೇಕೆಂದು ವಾದಿಸುತ್ತಿದ್ದ ಕಂಪೆನಿಯ ಇನ್ನೊಬ್ಬ ಅಧಿಕಾರಿ ವಾನ್ ಹೂನ್ಸನಿಗೆ ಎದುರಾಗಿ, ಮಲಬಾರಿನ ಸಂಪತ್ತನ್ನು ಎತ್ತಿತೋರಿಸುವ ಉದ್ದೇಶವೂ ಆತನಿಗಿತ್ತೆಂದು ಇತಿಹಾಸಕಾರರು ಅಭಿಪ್ರಾಯಪಟ್ಟಿದ್ದಾರೆ. ಎಂದರೆ ಆ ಗ್ರಂಥದ ಹಿಂದೆ ಕಂಪೆನಿಯ ಹಿತಾಸಕ್ತಿಯೂ ಇತ್ತು, ಅಧಿಕಾರಿಯ ಸ್ವಂತ ಪಕ್ಷವೂ ಇತ್ತು. ಆದರೂ ಅದು ಇಂದಿಗೂ ಪ್ರಮಾಣಗ್ರಂಥವಾಗಿ ನಿಂತಿರುವುದಕ್ಕೆ ಕಾರಣಗಳಲ್ಲೊಂದು, ಅದರ ಮೊದಲನೆಯ ಸಂಪುಟದ ಆದಿಭಾಗದಲ್ಲಿ ಮುದ್ರಿತವಾಗಿರುವ ಸಾಕ್ಷ್ಯಪತ್ರಗಳು.

ಚೇರ್ತಲೆಯ ಸಮೀಪದ ಕಡಕ್ಕರಪ್ಪಳ್ಳಿಯ ವೈದ್ಯನಾದ ಇಟ್ಟಿ ಅಚ್ಯುತನು ತನ್ನ ಪತ್ರವನ್ನು ಕೋಲೆೞುತ್ತು ಲಿಪಿಯ ಮಲಯಾಳದಲ್ಲಿ ಬರೆದುಕೊಟ್ಟನು; ಕೊಚ್ಚಿಯ ಕೊಂಕಣಿ ಬ್ರಾಹ್ಮಣ ವೈದ್ಯರಾದ ರಂಗಭಟ್ಟ, ವಿನಾಯಕಪಂಡಿತ, ಅಪ್ಪುಭಟ್ಟರು ತಮ್ಮದನ್ನು ನಾಗರಿ ಲಿಪಿಯಲ್ಲಿ ಕೊಂಕಣಿಯಲ್ಲಿ ಬರೆದರು. ಎಲ್ಲವೂ 1675ರ ಏಪ್ರಿಲ್ ತಿಂಗಳಿನವು. ತಾವು ಯಾರು, ಯಾರ ಆಜ್ಞೆಯ ಮೇರೆಗೆ ಈ ಕಾರ್ಯಕ್ಕೆ ತೊಡಗಿದೆವು, ನಮ್ಮ ತಿಳಿವಳಿಕೆಗೆ ಯಾವ ಗ್ರಂಥ ಯಾವ ಅನುಭವ ಆಧಾರ ಎಂಬುದನ್ನು ಅವರು ತಮ್ಮ ಕೈಬರೆಹದಲ್ಲಿಯೇ ಹೇಳಿ ರುಜು ಹಾಕಿದ್ದಾರೆ. ಶೀರ್ಷಿಕೆಯ ಪುಟದಲ್ಲಿ ರೀಡನ ಹೆಸರು, ಅವನ ಪದವಿ, ಎಲ್ಲವೂ ಪ್ರಕಟವಾಗಿವೆ. ಓದುವವನು ಅಧಿಕಾರಿಯ ಮಾತಿಗೆ ಎಷ್ಟು ಬೆಲೆ, ವೈದ್ಯನ ಮಾತಿಗೆ ಎಷ್ಟು ಬೆಲೆ ಎಂಬುದನ್ನು ತಾನೇ ತೂಗಿ ನೋಡಬಹುದು. ಸಸ್ಯಶಾಸ್ತ್ರಜ್ಞ ಕೆ. ಎಸ್. ಮಣಿಲಾಲರು ತಮ್ಮ ಜೀವಿತದ ಬಹುಭಾಗವನ್ನು ಧಾರೆಯೆರೆದು ಈ ಗ್ರಂಥವನ್ನು ಇಂಗ್ಲಿಷಿಗೆ ತಂದಾಗ ಅದನ್ನು 2003ರಲ್ಲಿ ಪ್ರಕಟಿಸಿದ್ದು ತಿರುವನಂತಪುರದ ಕೇರಳ ವಿಶ್ವವಿದ್ಯಾನಿಲಯ. ನಿಮ್ಮ ಎರಡು ನಗರಗಳ ನಡುವೆ ಇಂತಹದೊಂದು ಪರಂಪರೆ ಇರುವಾಗ, ಅದೇ ನಗರಗಳಿಂದ ಹೆಸರೂ ಸಂಬಂಧವೂ ಇಲ್ಲದ ಪುಟಗಳು ಹೊರಡುತ್ತಿರುವುದು ನನಗೆ ವ್ಯಥೆಯನ್ನುಂಟುಮಾಡುತ್ತದೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶವನ್ನು ತೆರೆದವರಿಗೂ ಗೊತ್ತು, ಲೇಖನಗಳ ಕೊನೆಯಲ್ಲಿ ಬರೆದವರ ಹೆಸರಿನ ಮೊದಲಕ್ಷರಗಳಿರುತ್ತವೆ.

ಇಲ್ಲಿ ಒಂದು ಸಂದೇಹವನ್ನು ಪರಿಹರಿಸಬೇಕು. ವಿಕಿಪೀಡಿಯದಲ್ಲಿ ಸ್ವಂತ ಹೆಸರನ್ನು ಬಹಿರಂಗಪಡಿಸಲೇಬೇಕೆಂಬ ನಿರ್ಬಂಧವಿಲ್ಲ. ಪ್ರಬಲರ ಕೋಪಕ್ಕೆ ತುತ್ತಾಗಬಹುದಾದ ಸಂಗತಿಗಳನ್ನು ಬರೆಯುವವರಿಗೆ ಗುಪ್ತನಾಮ ಒಂದು ರಕ್ಷೆ. ಹೆಸರನ್ನು ಮರೆಸಲು ಅನುಮತಿಯುಂಟು, ಹಿತಾಸಕ್ತಿಯನ್ನು ಮರೆಸಲು ಇಲ್ಲ. 2014ರ ಜೂನ್ ತಿಂಗಳಿನಿಂದ ವಿಕಿಮೀಡಿಯ ಪ್ರತಿಷ್ಠಾನದ ಬಳಕೆಯ ನಿಬಂಧನೆಗಳೇ ಇದನ್ನು ಸ್ಪಷ್ಟವಾಗಿ ವಿಧಿಸಿವೆ: ಹಣಕ್ಕಾಗಿ ಸಂಪಾದಿಸುವವರು ತಮ್ಮ ನೌಕರಿಯೊಡೆಯರನ್ನೂ ಕ್ಲೈಂಟನ್ನೂ ಸಂಬಂಧವನ್ನೂ, ಸದಸ್ಯಪುಟದಲ್ಲೋ ಚರ್ಚೆಪುಟದಲ್ಲೋ ಸಂಪಾದನೆಯ ಸಾರಾಂಶದಲ್ಲೋ ಪ್ರಕಟಿಸತಕ್ಕದ್ದು. ಒಂದು ಸಾಲಿನ ಕೆಲಸ.

ಇದನ್ನು ಉಲ್ಲಂಘಿಸಿದಾಗ ಎಂತಹ ಅನಾಹುತವಾಗಬಲ್ಲುದೆಂಬುದಕ್ಕೆ ನಮ್ಮ ದೇಶದಲ್ಲಿಯೇ ಸಾಕಷ್ಟು ದೊಡ್ಡ ಉದಾಹರಣೆಯುಂಟು. ಬೆಂಗಳೂರೂ ಸೇರಿ ಹಲವು ನಗರಗಳಲ್ಲಿ ಕೇಂದ್ರಗಳನ್ನು ತೆರೆದಿದ್ದ, ದಿನಪತ್ರಿಕೆಗಳಲ್ಲಿ ಪುಟಗಟ್ಟಲೆ ಜಾಹೀರಾತು ಕೊಡುತ್ತಿದ್ದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಪ್ಲಾನಿಂಗ್ ಅಂಡ್ ಮ್ಯಾನೇಜ್‌ಮೆಂಟ್ ಎಂಬ ಸಂಸ್ಥೆಗೆ ಪದವಿ ಕೊಡುವ ಮಾನ್ಯತೆ ಇಲ್ಲವೆಂದು ವಿಶ್ವವಿದ್ಯಾನಿಲಯ ಅನುದಾನ ಆಯೋಗ ಎಚ್ಚರಿಸಿತ್ತು. 2014ರ ಸೆಪ್ಟೆಂಬರಿನಲ್ಲಿ ದೆಹಲಿ ಉಚ್ಚ ನ್ಯಾಯಾಲಯವೂ ಅದರ ವಿರುದ್ಧ ಆದೇಶ ಮಾಡಿತು. ಇಂಗ್ಲಿಷ್ ವಿಕಿಪೀಡಿಯದಲ್ಲಿ ನಿರ್ವಾಹಕನ ಪದವಿಗೇ ಏರಿದ್ದ ಒಂದು ಖಾತೆ ಆ ಸಂಸ್ಥೆಯ ಪುಟವನ್ನು ವರ್ಷಗಟ್ಟಲೆ ಅದಕ್ಕೆ ಅನುಕೂಲವಾಗುವಂತೆ ತಿದ್ದುತ್ತ ಬಂದಿತ್ತೆಂಬ ದೂರು ವಿಚಾರಣೆಗೆ ಬಂದು, ಅಲ್ಲಿಯ ಪಂಚಾಯ್ತಿ ಸಮಿತಿ 2015ರ ಫೆಬ್ರವರಿಯಲ್ಲಿ ಆ ಖಾತೆಯನ್ನು ಬಹಿಷ್ಕರಿಸಿತು. ಅಷ್ಟರೊಳಗೆ ಆ ಪುಟವನ್ನು ಓದಿ ಮಕ್ಕಳ ಶುಲ್ಕಕ್ಕಾಗಿ ಸಾಲ ಮಾಡಿದ ತಂದೆತಾಯಿಗಳಿಗೆ ಆ ಬಹಿಷ್ಕಾರದಿಂದ ಏನೂ ಹಿಂದಿರುಗಿ ಬರಲಿಲ್ಲ. ಅದೇ ವರ್ಷದ ಆಗಸ್ಟಿನಲ್ಲಿ ಇನ್ನೊಂದು ಜಾಲ ಬಯಲಾಯಿತು: ಒಟ್ಟು 381 ಖಾತೆಗಳು, 210 ಲೇಖನಗಳು. ತಿರಸ್ಕೃತವಾದ ಕರಡುಗಳ ಒಡೆಯರನ್ನು ಹುಡುಕಿ ಹಿಡಿದು, ಹಣ ಕೊಟ್ಟರೆ ಪುಟ ಮಾಡಿಸಿಕೊಡುತ್ತೇವೆಂದು, ಆಮೇಲೆ ಅದನ್ನು ಕಾಪಾಡುವುದಕ್ಕೆಂದು ಮತ್ತೆ ಹಣ ಕೇಳುತ್ತಿದ್ದ ಜಾಲ ಅದು. ಅಲ್ಲಿ ವಂಚಿತರಾದವರು ನಿಮ್ಮ ಕ್ಲೈಂಟುಗಳಂತಹ ಸಣ್ಣ ವ್ಯಾಪಾರಿಗಳೇ ಎಂಬುದನ್ನು ನಿಮ್ಮ ಮೇಲಧಿಕಾರಿಗಳು ಗಮನಿಸಬೇಕು.

ಆದರೆ ಇವೆಲ್ಲ ಇಂಗ್ಲಿಷಿನ ಸಂಗತಿಗಳು. 70 ಲಕ್ಷ ಲೇಖನಗಳುಳ್ಳ ಆ ವಿಶ್ವಕೋಶಕ್ಕೆ ಕಾವಲುಗಾರರೂ ಸಾವಿರಾರು. 80,000ಕ್ಕೂ ಮಿಕ್ಕ ಲೇಖನಗಳ ಮಲಯಾಳ ವಿಕಿಪೀಡಿಯದಲ್ಲಿ ಅಷ್ಟು ಜನರಿಲ್ಲ. 2003ರಲ್ಲಿ ಹುಟ್ಟಿ ಇಂದಿಗೂ 30,000ದ ಆಚೆಗೆ ಬಹುದೂರ ಹೋಗದಿರುವ ಕನ್ನಡದಲ್ಲಂತೂ ನಿರ್ವಾಹಕರು ಬೆರಳೆಣಿಕೆಯವರು. ಇಂಗ್ಲಿಷಿನಲ್ಲಿ ಒಂದು ಗಂಟೆಯೊಳಗೆ ಅಳಿಸಿಹೋಗುವ ಪ್ರಶಸ್ತಿಪಾಠ ಕನ್ನಡದಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ‘ಇಂಗ್ಲಿಷಿನಲ್ಲಿ ನಿಲ್ಲಲಿಲ್ಲ, ಕನ್ನಡದಲ್ಲಿ ಹಾಕಿ’ ಎಂಬ ಆದೇಶ ನಿಮ್ಮಲ್ಲಿ ಕೆಲವರಿಗಾದರೂ ಬಂದಿರಬೇಕು. ಆ ಆದೇಶವನ್ನು ನಾನು ನಮ್ಮ ಭಾಷೆಗೆ ಮಾಡಿದ ಅವಮಾನವೆಂದೇ ಎಣಿಸುತ್ತೇನೆ. ಹುಡುಕುವ ಯಂತ್ರಗಳು ಆ ಪುಟದ ವಾಕ್ಯವನ್ನೇ ಎತ್ತಿ ತೋರಿಸುತ್ತವೆ. ಪ್ರಶ್ನೆಗೆ ಉತ್ತರ ಹೇಳುವ ಯಂತ್ರಗಳು ಅದರಿಂದಲೇ ಕಲಿಯುತ್ತವೆ. ಜಾಲದಲ್ಲಿ ಕನ್ನಡದ ಬರೆಹ ವಿರಳವಾಗಿರುವುದರಿಂದ ಒಂದೊಂದು ಪುಟದ ಭಾರವೂ ಹೆಚ್ಚು, ಒಂದೊಂದು ಸುಳ್ಳಿನ ಆಯುಷ್ಯವೂ ಹೆಚ್ಚು.

ಬರೆಹದ ಹಿಂದಿನ ಹಣ ಯಾರದೆಂದು ಕೇಳಬೇಕೆಂಬುದನ್ನು ನಿಮ್ಮ ಊರಿನ ಜನಕ್ಕೆ ಯಾರೂ ಕಲಿಸಬೇಕಾಗಿಲ್ಲ. 1970ರ ದಶಕದ ಉತ್ತರಾರ್ಧದಿಂದ ಎರಡು ದಶಕಗಳಷ್ಟು ಕಾಲ ಕಾಸರಗೋಡಿನ ಗೇರುತೋಪುಗಳ ಮೇಲೆ ಕೇರಳ ಪ್ಲಾಂಟೇಶನ್ ಕಾರ್ಪೊರೇಷನ್ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸುರಿಯುತ್ತಿದ್ದಾಗ, ಪಡ್ರೆಯ ತೋಡುಗಳ ನೀರು ಕುಡಿಯುತ್ತಿದ್ದ ಮನೆಗಳಲ್ಲಿ ಹುಟ್ಟುತ್ತಿದ್ದ ಮಕ್ಕಳ ಸ್ಥಿತಿಯನ್ನು ಕಂಡು ವಾಣಿನಗರದ ವೈದ್ಯ ಮೋಹನಕುಮಾರರೂ ಪತ್ರಕರ್ತ ಶ್ರೀಪಡ್ರೆಯವರೂ ದನಿಯೆತ್ತಿದರು. 2001ರಲ್ಲಿ ಕಾರ್ಪೊರೇಷನ್ ತಾನೇ ಮಾಡಿಸಿದ ಒಂದು ಅಧ್ಯಯನ ರೋಗಗಳಿಗೂ ಸಿಂಪಡಣೆಗೂ ಸಂಬಂಧವಿಲ್ಲವೆಂಬಂತೆ ವರದಿ ಕೊಟ್ಟಾಗ, ಅದನ್ನು ಒಪ್ಪದವರು ಎತ್ತಿದ ಪ್ರಶ್ನೆಗಳಲ್ಲಿ ಮುಖ್ಯವಾದುದು ಅಧ್ಯಯನದ ಖರ್ಚು ಯಾರದೆಂಬುದು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ವಿಷವನ್ನು ನಿಷೇಧಿಸಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಕೇರಳ ಸರಕಾರಕ್ಕೆ ಆದೇಶಿಸಿತು. ಎಂಡೋಸಲ್ಫಾನಿನ ಕನ್ನಡ ಪುಟವನ್ನು ಒಬ್ಬ ಕೀಟನಾಶಕ ತಯಾರಕನ ಸಂಬಳದಲ್ಲಿ ಯಾರಾದರೂ ಗುಟ್ಟಾಗಿ ತಿದ್ದಿದರೆ, ಎಣ್ಮಕಜೆಯ ಒಬ್ಬ ತಾಯಿ ಅದನ್ನು ಓದಿದರೆ, ನಿಮಗೆ ಏನನ್ನಿಸೀತು? ಖರ್ಚು ಯಾರದೆಂದು ಕೇಳುವ ಅವಳ ಹಕ್ಕಿಗೂ ಫ್ಲ್ಯಾಟಿನ ಮುಂಗಡ ಕೊಡಲಿರುವ ನರ್ಸಿನ ಹಕ್ಕಿಗೂ ಯಾವ ವ್ಯತ್ಯಾಸವೂ ನನಗೆ ಕಾಣುವುದಿಲ್ಲ.

ನಿಮ್ಮ ಕಷ್ಟವನ್ನು ನಾನು ಅರಿಯದವನಲ್ಲ. ಕೆಲಸವನ್ನು ನಿರಾಕರಿಸಿದರೆ ತಿಂಗಳ ಕೊನೆಯಲ್ಲಿ ಏನಾದೀತೆಂಬ ಭಯ ಸಹಜ. ಕೆಲವೊಮ್ಮೆ ಕ್ಲೈಂಟಿನ ದೂರೂ ನ್ಯಾಯವಾದದ್ದಿರುತ್ತದೆ: ಪುಟದಲ್ಲಿ ಸ್ಥಾಪನೆಯ ವರ್ಷ ತಪ್ಪಾಗಿರಬಹುದು, ಮುಗಿದುಹೋದ ಮೊಕದ್ದಮೆಯನ್ನು ನಡೆಯುತ್ತಿದೆಯೆಂದು ಬರೆದಿರಬಹುದು. ಅದಕ್ಕೆ ಮಾರ್ಗವಿದೆ. ಚರ್ಚೆಪುಟದಲ್ಲಿ ‘ನಾನು ಇಂತಹ ಸಂಸ್ಥೆಯ ಪರವಾಗಿ ಕೇಳುತ್ತಿದ್ದೇನೆ, ಈ ಸಾಲು ತಪ್ಪು, ಆಧಾರ ಇದು’ ಎಂದು ಬರೆಯಿರಿ; ಪುಟವನ್ನು ನೀವು ಮುಟ್ಟಬೇಡಿ, ಸಂಬಂಧವಿಲ್ಲದ ಸಂಪಾದಕರು ಪರಿಶೀಲಿಸಿ ತಿದ್ದುತ್ತಾರೆ. ಅಲ್ಲಿ ಉತ್ತರ ಬಾರದಿದ್ದರೆ ಕನ್ನಡದಲ್ಲಿ ‘ಅರಳಿಕಟ್ಟೆ’ ಎಂಬ ಸಾಮಾನ್ಯ ಚರ್ಚಾವೇದಿಕೆ ಇದೆ, ಮಲಯಾಳದಲ್ಲಿ ‘ಪಂಚಾಯತ್ತ್’ ಇದೆ. ಎರಡು ಕಡೆಗಳಲ್ಲಿಯೂ ಕೇಳಿದವರನ್ನು ಗದರಿಸುವ ಪದ್ಧತಿಯಿಲ್ಲ. ಇನ್ನು ಮೇಲಧಿಕಾರಿಗಳು ಬ್ಯಾಕ್‌ಲಿಂಕಿನ ಆಸೆಯಿಂದ ಇದನ್ನು ಮಾಡಿಸುತ್ತಿದ್ದರೆ, 2007ರಿಂದಲೇ ಇಂಗ್ಲಿಷ್ ವಿಕಿಪೀಡಿಯದ ಹೊರಕೊಂಡಿಗಳನ್ನು ಗಣನೆಗೆ ತೆಗೆದುಕೊಳ್ಳಬೇಡಿರೆಂಬ ಸೂಚನೆಯೊಡನೆಯೇ ಹುಡುಕುವ ಯಂತ್ರಗಳಿಗೆ ಕೊಡಲಾಗುತ್ತಿದೆಯೆಂದು ಅವರಿಗೆ ತಿಳಿಸಿರಿ.

ನಮ್ಮ ಮನೆಯೊಳಗೇ ದೋಷವಿಲ್ಲವೆಂದು ನಾನು ವಾದಿಸುವುದಿಲ್ಲ. ವಿಕಿಪೀಡಿಯದ ಸ್ಥಾಪಕರಲ್ಲೊಬ್ಬರಾದ ಜಿಮ್ಮಿ ವೇಲ್ಸರೇ 2005ರಲ್ಲಿ ತಮ್ಮ ಸ್ವಂತ ಪುಟವನ್ನು ತಿದ್ದಿ ಟೀಕೆಗೆ ಗುರಿಯಾದರು. 2012ರಲ್ಲಿ ಜಿಬ್ರಾಲ್ಟರಿನ ಪ್ರವಾಸೋದ್ಯಮಕ್ಕೆ ನೆರವಾಗುವ ಒಂದು ಯೋಜನೆಯಲ್ಲಿ ಸಲಹೆಗಾರರಾಗಿದ್ದ ಬ್ರಿಟನ್ನಿನ ವಿಕಿಮೀಡಿಯ ಸಂಸ್ಥೆಯ ಧರ್ಮದರ್ಶಿಯೊಬ್ಬರು ರಾಜೀನಾಮೆ ಕೊಡಬೇಕಾಯಿತು. 2015ರಲ್ಲಿ ನೆಹರೂ ಅವರ ಮನೆತನದ ಬಗೆಗೆ ಸುಳ್ಳನ್ನು ಸೇರಿಸಿದ ತಿದ್ದುಪಡಿಗಳು ಬಂದದ್ದು ಭಾರತ ಸರಕಾರದ ಜಾಲಸಂಪರ್ಕದಿಂದ. ಹಣವಿಲ್ಲದೆಯೂ ಹಿತಾಸಕ್ತಿಯಿರುತ್ತದೆ, ನಮ್ಮಲ್ಲಿ ಎಷ್ಟೋ ಮಂದಿ ತಮ್ಮ ಗುರುಗಳ, ತಮ್ಮ ಮಠದ, ತಮ್ಮ ಜಾತಿಸಂಘದ ಪುಟಗಳನ್ನು ಭಕ್ತಿಯಿಂದ ಬರೆದಿರುತ್ತಾರೆ. ಅಲ್ಲಿಯೂ ಸಂಬಂಧವನ್ನು ಹೇಳಬೇಕು, ಅಲ್ಲಿಯೂ ವಿಶೇಷಣಗಳನ್ನು ಕಳೆಯಬೇಕು. ಇದನ್ನು ನಮ್ಮ ಸಂಪಾದಕರಿಗೂ ನಾನು ಹೇಳುತ್ತಲೇ ಬಂದಿದ್ದೇನೆ.

ನಿಮ್ಮಿಂದ ನಾನು ಬೇಡುವುದು ಬಹಳವೇನೂ ಅಲ್ಲ. ಮುಂದಿನ ಬಾರಿ ‘ವಿಕಿ ಪೇಜ್’ ಎಂಬ ಕೆಲಸ ನಿಮ್ಮ ಮೇಜಿಗೆ ಬಂದಾಗ, ಸದಸ್ಯಪುಟದಲ್ಲಿ ಆ ಒಂದು ಸಾಲನ್ನು ಬರೆಯಿರಿ. ಬರೆಯಕೂಡದೆಂದು ಮೇಲಿನವರು ಹೇಳಿದರೆ, ಆ ನಿಷೇಧವನ್ನು ಕಾಗದದ ಮೇಲೆ ಕೊಡಿರೆಂದು ವಿನಯದಿಂದ ಕೇಳಿರಿ. ಈಗಾಗಲೇ ಬರೆದ ಪುಟಗಳ ಚರ್ಚೆಪುಟಗಳಲ್ಲಿ, ತಡವಾಗಿಯಾದರೂ, ಸಂಬಂಧವನ್ನು ಪ್ರಕಟಿಸಿರಿ. ಹಾಗೆ ಪ್ರಕಟಿಸಿದವರ ಪುಟಗಳನ್ನು ಅಳಿಸದೆ ಸರಿಪಡಿಸುವುದಕ್ಕೆ ನನ್ನಿಂದಾದ ಪ್ರಯತ್ನವನ್ನೆಲ್ಲ ಮಾಡುತ್ತೇನೆ, ಇತರ ಸಂಪಾದಕರನ್ನೂ ಕೇಳಿಕೊಳ್ಳುತ್ತೇನೆ. ಮತ್ತು ನಿಮ್ಮ ಕೈಗೆ ಬಂದಿರುವ ಮೂರು ಭಾಷೆಗಳ ಬಲದಲ್ಲಿ ಒಂದಿಷ್ಟನ್ನು, ಹಣ ಕೊಡುವವರು ಯಾರೂ ಇಲ್ಲದ ವಿಷಯಗಳಿಗೆ ವಿನಿಯೋಗಿಸಿರಿ. ಕುಂಬಳೆಯ ಯಕ್ಷಗಾನ ಕವಿ ಪಾರ್ತಿಸುಬ್ಬನನ್ನು ಕುರಿತು ಮಲಯಾಳದಲ್ಲಿ, ಇಟ್ಟಿ ಅಚ್ಯುತನನ್ನು ಕುರಿತು ಕನ್ನಡದಲ್ಲಿ, ಇನ್ನೂ ಎಷ್ಟೋ ಬರೆಯುವುದಿದೆ. ಭಾನುವಾರಗಳ ಅಪರಾಹ್ನ ನಾನು ಎರ್ನಾಕುಳದ ಸಾರ್ವಜನಿಕ ಗ್ರಂಥಾಲಯದಲ್ಲಿರುತ್ತೇನೆ. ಜೊತೆಗೆ ಕುಳಿತು ಬರೆಯಬಯಸುವವರು ಬರಬಹುದು.

ಇತಿ ತಮ್ಮ ವಿಶ್ವಾಸಿ,
ಕೊಚ್ಚಿಯಲ್ಲಿ ನೆಲೆಸಿರುವ ಕಾಸರಗೋಡಿನ ಒಬ್ಬ ಸಂಪಾದಕ